ತಕ್ಕಡಿ ಹಿಡಿದ ಕೈ

ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ತಿಂಗಳ ಕಾಲ ಎರಡು ಕಾಗದಗಳಿದ್ದವು. ಒಂದು ಇಂಗ್ಲೆಂಡಿನ ಹೆಸರಾಂತ ವಿಶ್ವವಿದ್ಯಾಲಯದ್ದು, ಇನ್ನೊಂದು ದೆಹಲಿಯ ಸ್ಕೂಲ್ ಆಫ್ ಪ್ಲ್ಯಾನಿಂಗ್ ಅಂಡ್ ಆರ್ಕಿಟೆಕ್ಚರಿನದು. ಎರಡೂ ಕಡೆ ಮಗಳಿಗೆ ಸೀಟು ಸಿಕ್ಕಿತ್ತು. ಓದುವ ವಿಷಯವೂ ಒಂದೇ, ಹಳೆಯ ಕಟ್ಟಡಗಳ ಸಂರಕ್ಷಣೆ. ಊಟಕ್ಕೆ ಕೂಡುವಾಗ ಕಾಗದಗಳನ್ನು ಎತ್ತಿ ಫ್ರಿಜ್ಜಿನ ಮೇಲಿಡುವುದು, ಊಟವಾದ ಮೇಲೆ ಮತ್ತೆ ಹರಡಿಕೊಂಡು ಕೂಡುವುದು ನಮಗೆ ರೂಢಿಯಾಗಿಬಿಟ್ಟಿತ್ತು.

ಅವಳಿಗೆ ಈ ಹುಚ್ಚು ಹಿಡಿದದ್ದು ಕ್ಯಾಂಪಿನಿಂದಲೇ. 1818ರಲ್ಲಿ ಬೆಳಗಾವಿಯ ಕೋಟೆ ಬ್ರಿಟಿಷರ ಕೈಸೇರಿದ ಮೇಲೆ ಬೆಳೆದ ದಂಡಿನ ಊರು ಇದು. ದೊಡ್ಡ ಕಂಪೌಂಡು, ಹಳೆಯ ಮರಗಳು, ಹಂಚಿನ ಮಾಡು, ಉದ್ದ ವರಾಂಡದ ಬಂಗಲೆಗಳು. ಶಾಲೆಗೆ ಹೋಗುವಾಗ ಅವುಗಳ ಮುಂದೆ ನಿಂತು ತಡಮಾಡಿಕೊಂಡು ಬೈಸಿಕೊಳ್ಳುತ್ತಿದ್ದಳು. ಆರ್ಕಿಟೆಕ್ಚರ್ ಓದುವಾಗ ಕೋಟೆಯೊಳಗಿನ ಕಮಲ ಬಸದಿಗೂ ಖಾನಾಪುರ ತಾಲ್ಲೂಕಿನ ಹಲಸಿಯ ಭೂವರಾಹ ನರಸಿಂಹ ದೇವಾಲಯಕ್ಕೂ ಟೇಪು ಹಿಡಿದುಕೊಂಡು ಹೋಗಿ ಅಳತೆ ತೆಗೆದುಕೊಂಡು ಬಂದಳು. 1204ರಲ್ಲಿ ಕಟ್ಟಿದ ಬಸದಿಯ ಕಲ್ಲು ಇನ್ನೂ ಗಟ್ಟಿಯಾಗಿರುವಾಗ ನಾವು ಮೊನ್ನೆ ಕಟ್ಟಿದ ಮನೆ ಯಾಕೆ ಸೋರುತ್ತದೆ ಎಂದು ಅಪ್ಪನನ್ನು ಕೇಳುವಳು.

ಲೆಕ್ಕಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಒಂದು ವರ್ಷದ ಓದು. ಶುಲ್ಕ, ವಸತಿ, ಊಟ, ವಿಮಾನ ಎಲ್ಲ ಸೇರಿ ನಮ್ಮ ಅಂದಾಜಿನಲ್ಲಿ 38 ಲಕ್ಷ ರೂಪಾಯಿ. ಯಜಮಾನರ ಭವಿಷ್ಯನಿಧಿಯಿಂದ ಎಂಟು ಲಕ್ಷ ತೆಗೆದರೂ 30 ಲಕ್ಷ ಸಾಲ ಮಾಡಬೇಕು. ನೂರಕ್ಕೆ ಹತ್ತೂವರೆ ಬಡ್ಡಿಯಂತೆ ಹತ್ತು ವರ್ಷ ತೀರಿಸಿದರೆ ತಿಂಗಳ ಕಂತು 40,000 ರೂಪಾಯಿಗೂ ಮೇಲೆ. ಓದುವ ಕಾಲದಲ್ಲಿ ಬೆಳೆಯುವ ಬಡ್ಡಿಯನ್ನು ಬಿಟ್ಟರೂ ಒಟ್ಟು 48 ಲಕ್ಷ ದಾಟುತ್ತದೆ. ಬ್ಯಾಂಕಿನವರು ಅಡಮಾನ ಕೇಳಿದರು. ಅಡಮಾನಕ್ಕೆ ನಮ್ಮಲ್ಲಿರುವುದು ಒಂದೇ, ಖಾನಾಪುರದಲ್ಲಿ ಅಜ್ಜಮಾವನವರು ಕಟ್ಟಿಸಿದ ಹಂಚಿನ ಮನೆ.

ದೆಹಲಿಯದು ಕೇಂದ್ರ ಸರ್ಕಾರದ ಸಂಸ್ಥೆ, ಎರಡು ವರ್ಷದ ಓದು. ಎಲ್ಲ ಸೇರಿ ಏಳು ಲಕ್ಷದೊಳಗೆ ಮುಗಿಯುತ್ತದೆ. ಗೇಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಸೇರಿದವರಿಗೆ ಸರ್ಕಾರದಿಂದ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವೂ ಉಂಟು. ಅದೇನು ಹೆಸರಿಲ್ಲದ ಸಂಸ್ಥೆಯಲ್ಲ. ಆದರೆ ನೆಂಟರ ಕಿವಿಗೆ ಇಂಗ್ಲೆಂಡ್ ಎಂದಾಗ ಆಗುವ ಸಂಭ್ರಮ ದೆಹಲಿ ಎಂದಾಗ ಆಗುವುದಿಲ್ಲ, ಅಷ್ಟೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನನಗೂ ಗೊತ್ತು. ದೆಹಲಿಯೇ ಸರಿ ಎಂದು ಮೊದಲ ವಾರದಲ್ಲೇ ನನ್ನ ಮನಸ್ಸು ಹೇಳಿತ್ತು. ಆಗಲೇ ಪಕ್ಕದ ಮನೆಯ ಕಾಕೂ ಬಂದು ಕಾಗದಗಳನ್ನು ನೋಡಿ, “ಹೆಣ್ಣಹುಡುಗಿಗೆ ಇಷ್ಟೊಂದು ಸಾಲ ಯಾಕ್ರೀ? ನಾಳೆ ಮದುವಿ ಆಗಿ ಹೋಗಾಕಿ” ಎಂದರು. ನಾನು ತಲೆಯಾಡಿಸಿದೆ. ಅವರು ಹೋದ ಮೇಲೆ, ತಲೆಯಾಡಿಸಿದ್ದು ಯಾಕೆ ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿತು. ಅವರು ಮುಟ್ಟಿದ ತೀರ್ಮಾನವೂ ನನ್ನ ತೀರ್ಮಾನವೂ ಒಂದೇ ಆಗಿದ್ದವು. ಕಾರಣವೂ ಒಂದೇ ಏನು?

1983ರಲ್ಲಿ ನಮ್ಮ ಅಣ್ಣನಿಗೆ ಎಂಜಿನಿಯರಿಂಗ್ ಸೀಟು ಕೊಡಿಸಲು ಅಪ್ಪ ಎರಡು ಎಕರೆ ಹೊಲ ಮಾರಿ ಡೊನೇಷನ್ ಕಟ್ಟಿದರು. ಆ ದಿನ ಮನೆಯಲ್ಲಿ ಯಾರೂ ಲೆಕ್ಕದ ಹಾಳೆ ಹರಡಲಿಲ್ಲ. ನಾಲ್ಕು ವರ್ಷದ ನಂತರ ನಾನು ಧಾರವಾಡಕ್ಕೆ ಹೋಗಿ ಬಿ.ಎಸ್‌ಸಿ. ಓದುತ್ತೇನೆಂದಾಗ ಹಾಳೆ ಬಂತು, ಪೆನ್ಸಿಲ್ಲೂ ಬಂತು. ಹಾಸ್ಟೆಲ್ಲಿಗೆ ಎಷ್ಟು, ಬಸ್ಸಿಗೆ ಎಷ್ಟು ಎಂದು ಕೂಡಿಸಿ, ಊರಿನಲ್ಲೇ ಬಿ.ಎ. ಸಾಕು ಎಂದು ತೀರ್ಮಾನವಾಯಿತು. ಅಪ್ಪ ಕೆಟ್ಟವರಲ್ಲ. ಅವರ ಕೂಡುವ ಲೆಕ್ಕದಲ್ಲಿಯೂ ತಪ್ಪಿರಲಿಲ್ಲ. ಒಬ್ಬರಿಗೆ ತಕ್ಕಡಿ ಹಿಡಿದು ಇನ್ನೊಬ್ಬರಿಗೆ ಹಿಡಿಯದೆ ಇದ್ದದ್ದೇ ತಪ್ಪು.

ಈಗ ತಕ್ಕಡಿ ನನ್ನ ಕೈಯಲ್ಲಿದೆ. ಆದ್ದರಿಂದ ಎಲ್ಲವನ್ನೂ ಮೊದಲಿನಿಂದ ತೂಗಬೇಕೆಂದು ಕುಳಿತೆ.

ಹೆಸರು ಬರೀ ಜಂಬವೇ? ಅಲ್ಲ. ಒಳ್ಳೆಯ ಗುರುಗಳು, ಗ್ರಂಥಾಲಯ, ಜೊತೆಗೆ ಓದುವ ಬುದ್ಧಿವಂತ ಮಕ್ಕಳು, ಮುಂದೆ ಕೆಲಸ ಕೇಳುವಾಗ ತಾನಾಗಿ ತೆರೆಯುವ ಬಾಗಿಲು, ಇವೆಲ್ಲ ಹೆಸರಿನೊಂದಿಗೆ ಬರುತ್ತವೆ. ಚಾರ್ಲ್ಸ್ ಕೊರಿಯಾ ಅಮೆರಿಕದ ಮಿಷಿಗನ್ನಿನಲ್ಲಿಯೂ ಎಂ.ಐ.ಟಿ.ಯಲ್ಲಿಯೂ ಓದಿ ಬಂದು ನಮ್ಮ ದೇಶಕ್ಕೆ ಒಪ್ಪುವ ಕಟ್ಟಡಗಳನ್ನೇ ಕಟ್ಟಿದರು. ಇನ್ನೊಂದು ಕಡೆ ಬಿ. ವಿ. ದೋಶಿ. ಮುಂಬಯಿಯ ಜೆ. ಜೆ. ಕಾಲೇಜಿನ ಓದನ್ನು ಪೂರ್ತಿ ಮಾಡದೆಯೇ ಹೊರಟು, ಪ್ಯಾರಿಸ್ಸಿನಲ್ಲಿ ಲೆ ಕಾರ್ಬೂಸಿಯೇ ಬಳಿ ಮೊದಮೊದಲು ಸಂಬಳವಿಲ್ಲದೆ ದುಡಿದು ಕಲಿತವರು. ಅವರಿಗೆ 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಒಬ್ಬರನ್ನು ತೋರಿಸಿ ಹೆಸರು ಬೇಕೇ ಬೇಕು ಎನ್ನಬಹುದು, ಇನ್ನೊಬ್ಬರನ್ನು ತೋರಿಸಿ ಬೇಡವೇ ಬೇಡ ಎನ್ನಬಹುದು. ಪರರ ಉದಾಹರಣೆಯಿಂದ ನಮ್ಮ ಮನೆಯ ಪ್ರಶ್ನೆ ಬಗೆಹರಿಯಲಿಲ್ಲ.

ಕಾನೂನಿನ ಮಾತೂ ಒಂದಿತ್ತು. 1972ರ ಆರ್ಕಿಟೆಕ್ಟರ ಕಾಯ್ದೆಯ ಪ್ರಕಾರ, ಐದು ವರ್ಷದ ಪದವಿ ಮುಗಿಸಿ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಿದರೆ ಈ ದೇಶದಲ್ಲಿ ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿಕೊಳ್ಳಬಹುದು. ಅದಕ್ಕೆ ಸ್ನಾತಕೋತ್ತರ ಪದವಿ ಬೇಕಿಲ್ಲ. ಅಂದರೆ ನಾವು 38 ಲಕ್ಷ ಕೊಟ್ಟು ತರುವುದು ಲೈಸೆನ್ಸನ್ನಲ್ಲ, ಹೆಚ್ಚಿನ ವಿದ್ಯೆಯನ್ನು, ಅದರ ಮೇಲೆ ಹೆಸರನ್ನು. ವಿದ್ಯೆ ಎರಡೂ ಕಡೆ ಸಿಗುತ್ತದೆ. ಹೆಚ್ಚಾಗಿ ತೆರುವ 31 ಲಕ್ಷ ಬಹುಪಾಲು ಹೆಸರಿಗೆ.

ಆಮೇಲೆ ನನ್ನನ್ನೇ ಕೇಳಿಕೊಂಡೆ. ಇದೇ ಎರಡು ಕಾಗದ ಮಗನ ಹೆಸರಿಗೆ ಬಂದಿದ್ದರೆ ಆ ಮನೆಯನ್ನು ಒತ್ತೆ ಇಡುತ್ತಿದ್ದೆನೇ? ಅವನಿನ್ನೂ ಪಿ.ಯು.ಸಿ.ಯಲ್ಲಿದ್ದಾನೆ. ಸುಳ್ಳು ಹೇಳಬಾರದು, ಒಂದು ಕ್ಷಣ ‘ಇಡುತ್ತಿದ್ದೆನೇನೋ’ ಅನ್ನಿಸಿತು. ಆ ಒಂದು ಕ್ಷಣಕ್ಕೆ ನನಗೆ ನಾಚಿಕೆಯಾಯಿತು. ನನಗಾದದ್ದನ್ನು ನಲವತ್ತು ವರ್ಷ ನೆನಪಿಟ್ಟುಕೊಂಡ ನಾನೇ ಅದನ್ನು ಮಗಳಿಗೆ ದಾಟಿಸಲು ಹೊರಟಿದ್ದೆ, ಅದೂ ಜಾಣತನದ ಹೆಸರಿನಲ್ಲಿ.

ಆ ಮನೆ ನಾನು ಕೊಡುವ ದಾನವೂ ಅಲ್ಲ. ಅಣ್ಣನಿಗಾಗಿ ಹೊಲ ಮಾರಿದಾಗ ಅದರಲ್ಲಿ ನನಗೆ ಅವನಷ್ಟು ಹಕ್ಕಿರಲಿಲ್ಲ. ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶದಲ್ಲಿ 2005ರಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಬಂತು. ಖಾನಾಪುರದ ಮನೆ ಅವಳದೂ ಹೌದು. ಹಾಗಿದ್ದ ಮೇಲೆ ನಾವಿಬ್ಬರೇ ಬಾಗಿಲು ಹಾಕಿಕೊಂಡು ನಿರ್ಧರಿಸುವುದು ಯಾವ ನ್ಯಾಯ?

ಮರುದಿನ ಮನೆಯ ಉತಾರವನ್ನು ಟ್ರಂಕಿನಿಂದ ತೆಗೆದು, ಲೆಕ್ಕದ ಹಾಳೆಯ ಜೊತೆ ಅವಳ ಮುಂದಿಟ್ಟೆ. “ಇದರಾಗ ನಿನ್ನ ಪಾಲೂ ಐತಿ. ನೀ ಹೂಂ ಅಂದ್ರ ನಿಮ್ಮಪ್ಪ ನಾಳೆ ಬ್ಯಾಂಕಿಗೆ ಹೋಗ್ತಾರ” ಎಂದೆ. ಅವಳು ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ದಿನ ದೆಹಲಿಗೆ ಹೋಗುತ್ತೇನೆ ಎಂದಳು.

“ನಮ್ಮ ಸಲುವಾಗಿ ಹಂಗಂತಿಯೇನ?”

“ನಿಮ್ಮ ಸಲುವಾಗಿ ಅಲ್ಲವ್ವಾ. ತಿಂಗಳಾ ನಲವತ್ತು ಸಾವಿರ ಕಟ್ಟಬೇಕಂದ್ರ ನಾ ದೊಡ್ಡ ಊರಾಗ ಗಾಜಿನ ಬಿಲ್ಡಿಂಗ್ ಮಾಡ್ಕೋತ ಕೂಡಬೇಕು. ಹಂಚಿನ ಮನಿ ರಿಪೇರಿ ಮಾಡಾಕ ಕರದವರು ನಂಗ ಅಷ್ಟು ಕೊಡ್ತಾರೇನು?”

ನನ್ನ ಹಾಳೆಯಲ್ಲಿ ಈ ಲೆಕ್ಕವೇ ಇರಲಿಲ್ಲ. ಸಾಲ ತೀರುತ್ತದೋ ಇಲ್ಲವೋ ಎಂದಷ್ಟೇ ನಾನು ನೋಡಿದ್ದೆ. ಸಾಲ ತೀರುವ ಹತ್ತು ವರ್ಷ ಅವಳು ಯಾರಿಗಾಗಿ ಕಟ್ಟಬೇಕೆಂಬುದನ್ನು ಸಾಲವೇ ನಿರ್ಧರಿಸುತ್ತದೆ ಎಂಬುದನ್ನು ಅವಳು ನೋಡಿದ್ದಳು. ಮಣ್ಣಿನ ಕಟ್ಟಡಗಳಿಗೆ ಹೆಸರಾದ, 2020ರಲ್ಲಿ ತೀರಿಕೊಂಡ ರೇವತಿ ಕಾಮತ್ ಅದೇ ದೆಹಲಿಯ ಸಂಸ್ಥೆಯಲ್ಲಿ ಓದಿದವರೆಂದು ಅವಳಿಂದಲೇ ತಿಳಿಯಿತು.

ಇಂಗ್ಲೆಂಡಿಗೆ ಹೋಗಿದ್ದರೆ ಯಾವ ಬಾಗಿಲು ತೆರೆಯುತ್ತಿತ್ತೋ ನಮಗೆ ಎಂದೂ ಗೊತ್ತಾಗುವುದಿಲ್ಲ. ಆ ಕೊರಗು ಅವಳಿಗೆ ಮುಂದೆಂದಾದರೂ ಬಂದೀತು, ನನಗೂ ಬಂದೀತು. ಕೊನೆಗೆ ಆದದ್ದು ಕಾಕೂ ಹೇಳಿದ್ದೇ ಎಂದು ಯಾರಾದರೂ ನಗಬಹುದು. ಆದರೆ ಬೇಡ ಎಂದು ಬೇರೆಯವರಿಂದ ಕೇಳಿಸಿಕೊಂಡು ಸುಮ್ಮನಾಗುವುದು ಹೇಗಿರುತ್ತದೆಂದು ನನಗೆ ಗೊತ್ತು. ನನ್ನ ಮಗಳು ಬೇಡ ಎಂದದ್ದು, ಬೇಕು ಎನ್ನುವ ಅಧಿಕಾರವನ್ನು ಕೈಯಲ್ಲಿ ಹಿಡಿದುಕೊಂಡು.

ಉತಾರ ಮತ್ತೆ ಟ್ರಂಕಿಗೆ ಸೇರಿತು. ಲೆಕ್ಕದ ಹಾಳೆಯನ್ನು ಮಾತ್ರ ನಾನು ಹರಿದು ಹಾಕಿಲ್ಲ, ಉತಾರದ ಜೊತೆಗೇ ಮಡಿಸಿಟ್ಟಿದ್ದೇನೆ. ಇನ್ನು ಕೆಲವು ವರ್ಷಕ್ಕೆ ಮಗನೂ ಒಂದು ಕಾಗದ ಹಿಡಿದು ಬರುತ್ತಾನೆ. ಆಗ ಅದನ್ನೇ ತೆಗೆದು ಅವನ ಮುಂದೆಯೂ ಹರಡಬೇಕು.