ತಲಪರಿಗೆಯ ಹೂಳು

ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ಈ ನಾಲ್ಕು ತಾಲ್ಲೂಕುಗಳಲ್ಲೇ ಮೇಷ್ಟರಾಗಿ ಸುತ್ತಿ ಮೂವತ್ತೆರಡು ವರ್ಷ ಕಳೆದವನು ನಾನು. ಈ ಸೀಮೆಯವರಿಗೆ ತಲಪರಿಗೆ ಎಂದರೆ ಏನೆಂದು ಹೇಳಬೇಕಿಲ್ಲ. ಹೊರಗಿನವರಿಗಾಗಿ ಒಂದು ಮಾತು. ಹೊಳೆಯ ಮರಳಿನಲ್ಲೋ ಕೆರೆಯಂಗಳದಲ್ಲೋ ಒರತೆ ಜಿನುಗುವ ಜಾಗ ನೋಡಿ ಗುಂಡಿ ತೋಡುತ್ತಾರೆ. ಅಲ್ಲಿಂದ ಕಾಲುವೆ ತೆಗೆದರೆ ನೀರು ಇಳಿಜಾರು ಹಿಡಿದು ತಾನಾಗಿಯೇ ಗದ್ದೆ ಸೇರುತ್ತದೆ. ಏತ, ಕಪಿಲೆ, ಪಂಪು ಯಾವುದೂ ಬೇಡ. ಆದರೆ ವರ್ಷಕ್ಕೊಮ್ಮೆ ಆ ನೀರುಣ್ಣುವವರೆಲ್ಲ ಗುದ್ದಲಿ ಹಿಡಿದು ಬಂದು ಹೂಳೆತ್ತಬೇಕು. ಹೊಳೆ ಬಂತೆಂದರೆ ಮರಳು ಕಾಲುವೆಯನ್ನು ಮುಚ್ಚಿಬಿಡುತ್ತದೆ. ಅದಕ್ಕೆ ಯಾರನ್ನೂ ದೂರುವಂತಿಲ್ಲ, ಹೊಳೆಯ ಸ್ವಭಾವವೇ ಅದು.

ನಾನು ಹುಟ್ಟಿದ್ದು ಕ್ರೈಸ್ತ ಮನೆಯಲ್ಲಿ. ತುಮಕೂರು ಸೀಮೆಗೆ ಸುವಾರ್ತೆ ತಂದವರು ಮುಖ್ಯವಾಗಿ ವೆಸ್ಲಿಯನ್ ಮಿಷನ್ನಿನವರು. ಗುಬ್ಬಿಯಲ್ಲಿ 1837ರಲ್ಲೇ ಅವರು ನೆಲೆ ಹೂಡಿದ್ದರು. ನಮ್ಮ ಮನೆತನ ಸಭೆಗೆ ಸೇರಿದ್ದು ಅದಕ್ಕಿಂತ ಬಹಳ ತಡವಾಗಿ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ತರು. ತಂದೆತಾಯಿ ಕಳೆದುಕೊಂಡ ಎಷ್ಟೋ ಮಕ್ಕಳು ಮಿಷನ್ನಿನ ಅನಾಥಾಲಯಗಳಲ್ಲಿ ಬೆಳೆದರು. ನನ್ನ ಮುತ್ತಜ್ಜ ಅಂಥ ಮಕ್ಕಳಲ್ಲಿ ಒಬ್ಬ ಎಂಬುದು ಮನೆಯಲ್ಲಿ ಉಳಿದುಬಂದ ಮಾತು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಸಹೋದ್ಯೋಗಿಯೊಬ್ಬರು ನಗುತ್ತಲೇ, 'ಹಾಗಾದ್ರೆ ನಿಮ್ಮದು ಗಂಜಿ ನಂಬಿಕೆ' ಅಂದರು. ನಾನೂ ನಕ್ಕೆ. ಮಾತು ಮಾತ್ರ ಒಳಗೆ ಮುರಿದ ಮುಳ್ಳಿನ ಹಾಗೆ ಉಳಿದುಕೊಂಡಿತು. ಹಸಿದವನಿಗೆ ಸಿಕ್ಕಿದ ದೇವರು ನಿಜವಾದ ದೇವರೇ? ಹೊಟ್ಟೆ ತುಂಬಿದ ನನಗೆ ಅವನು ಯಾಕೆ ಬೇಕು? ಇಂಥ ಪ್ರಶ್ನೆಗಳು ನನ್ನ ನಂಬಿಕೆಯನ್ನು ಕೆಡಿಸಿದವು ಎಂದು ಬಹಳ ಕಾಲ ನಾನೇ ನಂಬಿಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಪ್ರಶ್ನೆಗಳು ಮಾನವಾದ ನೆಪವಾಗಿದ್ದವು ಅಷ್ಟೆ.

ನಿಜ ಹೇಳಬೇಕೆಂದರೆ ನಡೆದದ್ದು ಇಷ್ಟು. 1984ರಲ್ಲಿ ಪಾವಗಡದ ಕಡೆಗೆ ನೇಮಕವಾಯಿತು. ಈಗ ತಿರುಮಣಿಯ ಸುತ್ತ ಎಕರೆಗಟ್ಟಲೆ ಸೌರಫಲಕಗಳು ಹೊಳೆಯುವ ಆ ನೆಲದಲ್ಲಿ ಆಗ ಕಡಲೆಕಾಯಿ ಹೊಲ, ಬಿಸಿಲು, ಬಸ್ಸಿಗೆ ಕಾಯುವ ಜನ. ಭಾನುವಾರ ಆರಾಧನೆಗೆ ಹೋಗಬೇಕೆಂದರೆ ಶನಿವಾರವೇ ಬಸ್ಸು ಹತ್ತಬೇಕಿತ್ತು. ಮೊದಲು ಎರಡು ವಾರಕ್ಕೊಮ್ಮೆ ಹೋದೆ, ಆಮೇಲೆ ಹಬ್ಬಕ್ಕೆ ಹೋದೆ, ಆಮೇಲೆ ಕ್ರಿಸ್ಮಸ್ಸಿಗೆ ಮಾತ್ರ. ಭಾನುವಾರ ಬಟ್ಟೆ ಒಗೆಯುವ ದಿನವಾಯಿತು. ಒಂದು ದಿನವಾದರೂ ಕೂತು 'ಇನ್ನು ನಾನು ನಂಬುವುದಿಲ್ಲ' ಎಂದು ನಿರ್ಧರಿಸಲಿಲ್ಲ.

ಪ್ರಸಂಗಗಳಲ್ಲಿ ನನ್ನಂಥವರ ವಿಷಯ ಬಂದರೆ ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದ ತಪ್ಪಿಹೋದ ಮಗನನ್ನು ತರುತ್ತಾರೆ. ನನಗೆ ಆ ಹುಡುಗನ ಮೇಲೆ ಸ್ವಲ್ಪ ಅಸೂಯೆ. ಅವನಿಗೆ ಹೇಳಿಕೊಳ್ಳಲು ಒಂದು ಕಥೆಯಾದರೂ ಇತ್ತು. ನಾನು ಆಸ್ತಿ ಹಾಳು ಮಾಡಲಿಲ್ಲ, ಹಂದಿ ಮೇಯಿಸಲಿಲ್ಲ. ತಿಂಗಳ ಮೊದಲಿಗೆ ಸಂಬಳ ತಂದೆ, ಎಲ್‌ಐಸಿ ಕಂತು ಕಟ್ಟಿದೆ. ದಾರಿ ತಪ್ಪಿದ್ದು ಅಕ್ಕಪಕ್ಕದವರಿಗಿರಲಿ, ನನಗೇ ಗೊತ್ತಾಗಲಿಲ್ಲ.

ಗೊತ್ತಾದದ್ದು 1998ರಲ್ಲಿ. ಆಗ ನಾನು ಶಿರಾದಲ್ಲಿದ್ದೆ. ಅಮ್ಮ ಮಧುಗಿರಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಕಿಟಕಿಯಲ್ಲಿ ಏಕಶಿಲೆಯ ಬೆಟ್ಟ ಕಾಣುತ್ತಿತ್ತು. ದಿಂಬಿಗೆ ಒರಗಿ ಅದನ್ನೇ ನೋಡುತ್ತಿದ್ದರು. ನಾಲ್ಕು ಮಾತಾಡಿದರೆ ಏದುಸಿರು. ಒಂದು ಸಂಜೆ ಸತ್ಯವೇದ ತೆಗೆದು ಕೀರ್ತನೆ ಓದು ಅಂದರು. ಓದಿದೆ. ಪ್ರಾರ್ಥನೆ ಮಾಡು ಅಂದರು. ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಕೊನೆಗೆ, 'ಅಮ್ಮ, ನಂಬದೆ ಪ್ರಾರ್ಥನೆ ಮಾಡಿದ್ರೆ ಸುಳ್ಳು ಹೇಳಿದ ಹಾಗಾಗುತ್ತೆ' ಅಂದೆ. ವಿಜ್ಞಾನದ ಮೇಷ್ಟರಿಗೆ ತಕ್ಕ ಮಾತು! ಅಮ್ಮ ಬೇಸರ ಮಾಡಿಕೊಳ್ಳಲಿಲ್ಲ. 'ನೀನು ನಂಬ್ತೀಯೋ ಇಲ್ವೋ ನಾನು ಕೇಳ್ಲಿಲ್ಲ ಕಣಪ್ಪ. ನಂಗೆ ಉಸಿರು ಸಾಲ್ದು. ನನ್ನ ಪರವಾಗಿ ನೀನು ಹೇಳು, ಸಾಕು' ಅಂದರು.

ನಾನು ಹೇಳಲಿಲ್ಲ. ಅಮ್ಮ ತುಟಿ ಅಲ್ಲಾಡಿಸುತ್ತಾ ತಾವೇ ಏನೋ ಹೇಳಿಕೊಂಡರು, ಅರ್ಧಕ್ಕೇ ಕೆಮ್ಮು ಬಂತು. ಹನ್ನೊಂದು ದಿನದ ಮೇಲೆ ತೀರಿಕೊಂಡರು.

ಪ್ರಾಮಾಣಿಕತೆ ಎಂದರೆ ಏನು ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಅವತ್ತು ನಾನು ಸುಳ್ಳು ಹೇಳಲಿಲ್ಲ, ಅದು ಸರಿ. ಆದರೆ ಅವರು ಕೇಳಿದ್ದು ನನ್ನ ಅಭಿಪ್ರಾಯವನ್ನಲ್ಲ, ನನ್ನ ದನಿಯನ್ನು. ನಡೆಯಲಾರದವರು ಹೆಗಲು ಕೇಳಿದರೆ, 'ನೀವು ಹೋಗುವ ಊರು ಇದೆಯೋ ಇಲ್ಲವೋ ನನಗೆ ಖಾತ್ರಿಯಿಲ್ಲ' ಎಂದು ಯಾರಾದರೂ ಹೇಳುತ್ತಾರೆಯೇ? ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ಬಡಿದವನೊಬ್ಬನನ್ನು ನಾಲ್ವರು ಹೊತ್ತು ತಂದು, ಜನಸಂದಣಿಯಲ್ಲಿ ದಾರಿ ಸಿಗದೆ, ಮಾಳಿಗೆ ತೆಗೆದು ಹಾಸಿಗೆ ಸಮೇತ ಯೇಸುವಿನ ಮುಂದೆ ಇಳಿಸುತ್ತಾರೆ. ಯೇಸು ನೋಡಿದ್ದು ಅವರ ನಂಬಿಕೆಯನ್ನು ಎಂದು ಅಲ್ಲಿ ಬರೆದಿದೆ. ಮಲಗಿದ್ದವನು ಏನು ನಂಬಿದ್ದ ಎಂಬ ಮಾತೇ ಇಲ್ಲ. ಚಿಕ್ಕಂದಿನಿಂದ ಹತ್ತಾರು ಸಲ ಕೇಳಿದ ಕಥೆ, ಈ ವಿವರ ಅಮ್ಮ ಹೋದ ಮೇಲೆಯೇ ನನ್ನ ಕಣ್ಣಿಗೆ ಬಿದ್ದದ್ದು.

ಹಾಗೆಂದು ಮಾರನೆಯ ಭಾನುವಾರವೇ ದೇವಾಲಯಕ್ಕೆ ಓಡಿದೆ ಎಂದುಕೊಳ್ಳಬೇಡಿ. ಅಪರಾಧಿ ಭಾವ ಮನುಷ್ಯನನ್ನು ಹತ್ತಿರ ತರುವುದಕ್ಕಿಂತ ದೂರ ಇಡುವುದೇ ಹೆಚ್ಚು. ಇನ್ನೂ ಎಂಟು ವರ್ಷ ಹೀಗೇ ಕಳೆಯಿತು. ಕೊರಟಗೆರೆಗೆ ವರ್ಗವಾದ ಮೇಲೆ ಹೆಂಡತಿಯನ್ನು ಹತ್ತಿರದ ಹಳ್ಳಿಯ ಸಣ್ಣ ಸಭೆಗೆ ಸ್ಕೂಟರಿನಲ್ಲಿ ಬಿಟ್ಟು, ಹೊರಗೆ ಹೊಂಗೆ ಮರದಡಿ ಕೂತು ಪತ್ರಿಕೆ ಓದುವುದು ನನ್ನ ಆರಾಧನೆಯಾಗಿತ್ತು. 2006ರ ಜನವರಿ 1 ಭಾನುವಾರವೇ ಬಂದಿತ್ತು. ಅಯ್ಯನವರಿಗೆ ಅವತ್ತು ಬೇರೆ ಸಭೆಗಳಿದ್ದವು. ಆರಾಧನೆ ನಡೆಸಬೇಕಾಗಿದ್ದ ವಯಸ್ಸಾದ ಉಪದೇಶಿಗಳು ಪುಸ್ತಕ ಹಿಡಿದು ಮರದ ಕೆಳಗೆ ಬಂದರು. 'ಕಣ್ಣಿಗೆ ಪೊರೆ ಬಂದಿದೆ ಮೇಷ್ಟ್ರೇ, ಅಕ್ಷರ ಕಾಣೋದಿಲ್ಲ. ಒಡಂಬಡಿಕೆಯ ಪ್ರಾರ್ಥನೆ ನನಗೆ ಬಾಯಿಗೆ ಬರೋದಿಲ್ಲ. ನನ್ನ ಪರವಾಗಿ ನೀವು ಓದಿ.'

ಅದೇ ಮಾತು. ನಾನು ಎದ್ದೆ.

ಈ ಒಡಂಬಡಿಕೆಯ ಆರಾಧನೆ ಮೆಥಡಿಸ್ಟರಿಂದ ಬಂದದ್ದು. ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಇದನ್ನು ಶುರುಮಾಡಿದರು. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಇಂಡಿಯಾ ಸಭೆ ಹುಟ್ಟಿದಾಗ ನಮ್ಮ ವೆಸ್ಲಿಯನ್ ಸಭೆಗಳು ಅದರೊಳಗೆ ಸೇರಿದವು, ಈ ಪದ್ಧತಿಯೂ ಜೊತೆಗೆ ಬಂತು. ವರ್ಷದ ಆರಂಭದಲ್ಲಿ ಸಭೆಯವರೆಲ್ಲ ನಿಂತು ತಮ್ಮನ್ನು ದೇವರಿಗೆ ಮತ್ತೆ ಒಪ್ಪಿಸಿಕೊಳ್ಳುತ್ತಾರೆ. ದೀಕ್ಷಾಸ್ನಾನ ಒಮ್ಮೆ ಆದಮೇಲೆ ಆಯಿತು. ಇದು ಮಾತ್ರ ಪ್ರತಿ ವರ್ಷ. ಅಂದರೆ ವರ್ಷದಲ್ಲಿ ಹೂಳು ತುಂಬುವುದು ಖಂಡಿತ ಎಂದು ವೆಸ್ಲಿಗೆ ಗೊತ್ತಿತ್ತು. ಗೊತ್ತಿರದೆ ಏನು? 1738ರಲ್ಲಿ, ನಂಬಿಕೆಯೇ ಇಲ್ಲದ ನಾನು ಬೋಧಿಸುವುದನ್ನು ಬಿಡಲೇ ಎಂದು ಅವರು ಕೇಳಿದಾಗ, ಪೀಟರ್ ಬೋಲರ್ ಎಂಬ ಮೊರಾವಿಯನ್ ಗೆಳೆಯ, ಬಿಡಬೇಡ, ಬರುವವರೆಗೂ ಬೋಧಿಸು, ಬಂದಮೇಲೆ ಬಂದಿದೆಯೆಂದು ಬೋಧಿಸು ಎಂಬರ್ಥದ ಮಾತು ಹೇಳಿದ್ದ. ಅದೇ ವರ್ಷದ ಮೇ 24ರಂದು ಅವರ ಎದೆ ಬೆಚ್ಚಗಾದ ಕಥೆಯನ್ನು ಎಲ್ಲರೂ ಹೇಳುತ್ತಾರೆ. 1766ರಲ್ಲಿ, ಅರುವತ್ತು ದಾಟಿದಮೇಲೆ, ತಾನು ದೇವರನ್ನು ಪ್ರೀತಿಸಿದ್ದೇ ಇಲ್ಲವೆಂದು ತಮ್ಮ ಚಾರ್ಲ್ಸ್‌ನಿಗೆ ಕಾಗದ ಬರೆದದ್ದನ್ನು ಯಾರೂ ಪೀಠದಿಂದ ಹೇಳುವುದನ್ನು ನಾನು ಕೇಳಿಲ್ಲ. ಹೇಳಿದ್ದರೆ ನಾನು ಮರದ ಕೆಳಗೆ ಅಷ್ಟು ವರ್ಷ ಕೂರುತ್ತಿರಲಿಲ್ಲವೇನೋ.

ಬೋಲರನ ಬುದ್ಧಿವಾದ ಮೊದಲು ಓದಿದಾಗ ವಂಚನೆಯಂತೆ ಕಂಡಿತ್ತು. ಈಗಲೂ ಅದರಲ್ಲಿ ಅಪಾಯವಿದೆ ಎಂದೇ ನನ್ನ ಅಭಿಪ್ರಾಯ. ಬಾಯಲ್ಲಿ ಮಾತು ಸುಲಲಿತವಾದಷ್ಟೂ ಒಳಗೆ ಬರಿದಾದವರನ್ನು ನೋಡಿದ್ದೇನೆ. ತಲಪರಿಗೆಯ ಹೋಲಿಕೆಯನ್ನೂ ಬಹಳ ದೂರ ಎಳೆಯಬಾರದು. ಜಯಮಂಗಲಿಯ ಮರಳನ್ನು ಲಾರಿಗಳು ಹೊತ್ತೊಯ್ದ ಮೇಲೆ, ಸುತ್ತ ಕೊಳವೆಬಾವಿಗಳು ನೂರಾರು ಅಡಿ ಇಳಿದ ಮೇಲೆ, ಎಷ್ಟೋ ತಲಪರಿಗೆಗಳಲ್ಲಿ ಹೂಳೆತ್ತಿದರೂ ನೀರಿಲ್ಲ. ಅಂಥ ಗೆಳೆಯರೂ ನನಗಿದ್ದಾರೆ, ಒಳ್ಳೆಯವರು, ನಿಜವಾಗಿ ಹುಡುಕಿ ಇಲ್ಲವೆಂದು ಎದ್ದುಬಂದವರು. ಅವರ ಮುಂದೆ ನನ್ನ ವಾದ ನಡೆಯುವುದಿಲ್ಲ. ನಾನು ಮಾತ್ರ ಹುಡುಕಿರಲಿಲ್ಲ, ಗುದ್ದಲಿಯನ್ನೇ ಮುಟ್ಟದೆ ಬತ್ತಿದೆಯೆಂದು ಊರಿಗೆಲ್ಲ ಹೇಳಿದ್ದೆ.

ಅವತ್ತು ಪ್ರಾರ್ಥನೆ ಓದುವಾಗ ಎದೆ ಬೆಚ್ಚಗಾಗಲಿಲ್ಲ. ಎರಡು ಕಡೆ ತಡವರಿಸಿದೆ. ಮೂವತ್ತು ಜನ ಹಿಂದಿನಿಂದ ದನಿಗೂಡಿಸುತ್ತಿದ್ದರು, ಹೆಂಡತಿಯ ದನಿ ಬೇರೆಯಾಗಿ ಕೇಳಿಸುತ್ತಿತ್ತು. ಮುಗಿದಮೇಲೆ ಕಾಫಿ ಕೊಟ್ಟರು. ಉಪದೇಶಿಗಳು ಕಣ್ಣೊರೆಸಿಕೊಂಡು, ಮುಂದಿನ ವಾರದ ಪಾಠ ಯಾವುದೆಂದು ಹೇಳಿ ಪುಸ್ತಕ ನನ್ನ ಕೈಯಲ್ಲೇ ಬಿಟ್ಟುಹೋದರು. ಅವರ ಕಣ್ಣಿನ ಆಪರೇಷನ್ ಆಗಿ ಚೆನ್ನಾಗಿ ಕಾಣಿಸತೊಡಗಿದ ಮೇಲೂ ಅದನ್ನು ವಾಪಸು ಕೇಳಲಿಲ್ಲ.

ಈಗ ಮಧುಗಿರಿಯಲ್ಲೇ ಇದ್ದೇನೆ. ಭಾನುವಾರ ತಪ್ಪಿಸುವುದಿಲ್ಲ. ವಿಶ್ವಾಸಪ್ರಮಾಣ ಹೇಳುವಾಗ ಒಂದು ಸಾಲು ಬಂದರೆ ಇವತ್ತಿಗೂ ನನ್ನ ಬಾಯಿ ನಿಂತುಹೋಗುತ್ತದೆ. ಯಾವ ಸಾಲೆಂದು ಬರೆಯಲಾರೆ, ಅದು ವರ್ಷದಿಂದ ವರ್ಷಕ್ಕೆ ಬದಲಾಗುವುದೂ ಉಂಟು. ಪಕ್ಕದಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ನಿಲ್ಲುತ್ತಾರೆ, ಕಿವಿ ಮಂದ, ದನಿ ಜೋರು. ನಾನು ನಿಲ್ಲಿಸಿದ ಆ ಸಾಲನ್ನು ಅವರು ದೊಡ್ಡದಾಗಿ ಹೇಳುತ್ತಾರೆ. ಮುಂದಿನ ಸಾಲಿಗೆ ನಾನು ಸೇರಿಕೊಳ್ಳುತ್ತೇನೆ.