ಕೆಳಗಿನ ಮನೆಯ ಪರವಾಗಿ ಯಾರು?

ನಮ್ಮಲ್ಲಿ ಮನೆ ಕಟ್ಟುವುದಕ್ಕೊಂದು ಕ್ರಮ ಉಂಟು. ಮೊದಲು ಜೆಸಿಬಿ ಬಂದು ಜಾಗ ಲೆವೆಲ್ ಮಾಡ್ತದೆ. ಆಮೇಲೆ ಎಂಜಿನಿಯರ್, ಮೇಸ್ತ್ರಿ, ಪ್ಲಂಬರ್. ಮನೆ ಒಕ್ಕಲಿಗೆ ಹದಿನೈದು ದಿನ ಇರುವಾಗ ನರ್ಸರಿಯವರಿಗೊಂದು ಫೋನ್: "ಎದುರಿಗೆ ಸ್ವಲ್ಪ ಗ್ರೀನ್ ಬೇಕಿತ್ತು."

ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಅಂದ್ರೂ ನಮಗೆ ನೆನಪಾಗುವುದು ಹುಲ್ಲು ಹಾಸುವವರು, ಹೂಕುಂಡ ಇಡುವವರು. ಅವರ ನಿಜವಾದ ವಿದ್ಯೆ ನೆಲವನ್ನು ಓದುವುದು. ಏರುತಗ್ಗು ಎಲ್ಲಿ, ಮಣ್ಣು ಎಂಥದ್ದು, ನೀರು ಯಾವ ದಾರಿ ಹಿಡಿಯುತ್ತದೆ, ಯಾವ ಮರ ಉಳಿಯಬೇಕು ಎಂಬುದನ್ನೆಲ್ಲ ನೋಡಿ, ಕಟ್ಟಡ ಎಲ್ಲಿ ಕೂರಬೇಕು ಎಂದು ಆರ್ಕಿಟೆಕ್ಟರ ಜತೆ ಕೂತು ತೀರ್ಮಾನಿಸುವುದು. ಗುಡ್ಡೆ ಜರಿದಾದ ಮೇಲೆ ಅವರನ್ನು ಕರೆದರೆ ಪಾಪ, ಹೂಕುಂಡ ಇಡದೆ ಮತ್ತೇನು ಮಾಡಿಯಾರು?

ಇದು ಯಾರಿಗೆ ಎಷ್ಟು ಫೀಸು ಎಂಬ ವಿಷಯ ಮಾತ್ರ ಅಲ್ಲ. ಇದರಲ್ಲೊಂದು ನ್ಯಾಯದ ಪ್ರಶ್ನೆ ಉಂಟು. ನನ್ನ ಜಾಗದಲ್ಲಿ ಬಿದ್ದ ಮಳೆಗೆ ನಾನು ಎಲ್ಲಿಯವರೆಗೆ ಹೊಣೆ?

ಕಾಟಿಪಳ್ಳದವರಿಗೆ ಈ ಪ್ರಶ್ನೆ ಹೊಸದಾಗಿ ಎದುರಾದದ್ದು. ನವಮಂಗಳೂರು ಬಂದರಿಗಾಗಿ ಪಣಂಬೂರು, ಬೈಕಂಪಾಡಿ ಕಡೆಯಿಂದ ಎದ್ದು ಬಂದವರ ಊರು ಇದು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದರನ್ನು ಉದ್ಘಾಟಿಸಿದರು. ನಮಗೆ ಇಲ್ಲಿ ಬ್ಲಾಕ್ ನಂಬರುಗಳು ಸಿಕ್ಕಿದವು. ಕಡಲ ಬದಿಯ ಹೊಯಿಗೆಯಲ್ಲಿ ನೀರು ಹೆಚ್ಚಾಗಿ ಬಿದ್ದಲ್ಲೇ ಇಂಗುತ್ತದೆ. ಗುಡ್ಡೆಯ ಲೆಕ್ಕ ಬೇರೆ. ಇಳಿಜಾರಿನಲ್ಲಿ ಮನೆ ಕಟ್ಟಿದವರಿಗೆ ಕೆಳಗೊಬ್ಬರು ಇದ್ದೇ ಇರುತ್ತಾರೆ.

ನಮ್ಮ ಕರಾವಳಿಯ ಗುಡ್ಡೆಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರಡಿಯಲ್ಲಿ ಶೇಡಿಮಣ್ಣು. ಮುರಕಲ್ಲನ್ನು ಕಡಿದರೆ ಶೇಡಿ ಹೊರಬೀಳ್ತದೆ. ಬೇಸಿಗೆಯಲ್ಲಿ ಗೋಡೆಯ ಹಾಗೆ ನಿಂತದ್ದು ನೀರು ಕುಡಿದರೆ ಬಲ ಕಳೆದುಕೊಳ್ತದೆ. ಇಂಥ ನೆಲಕ್ಕೆ ವರ್ಷಕ್ಕೆ ಸುಮಾರು ಮೂರೂವರೆ ಮೀಟರ್ ಮಳೆ. ಹತ್ತು ಸೆಂಟ್ಸ್ ಅಂದ್ರೆ ಸುಮಾರು 400 ಚದರ ಮೀಟರ್. ಗುಣಿಸಿ ನೋಡಿ, 14 ಲಕ್ಷ ಲೀಟರ್! 100 ಮಿ.ಮೀ. ಸುರಿದ ಒಂದೇ ದಿನಕ್ಕೆ 40,000 ಲೀಟರ್. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿ ಕಂಪೌಂಡಿನಡಿ ಒಂದು ಪೈಪ್ ಬಿಟ್ಟರೆ ನಮ್ಮ ಮನೆ ಚೊಕ್ಕ. ಆ ನೀರು ಮಾತ್ರ ಕೆಳಗಿನವರ ಹಿತ್ತಿಲಿಗೆ ಇಳಿದಿರ್ತದೆ.

2024ರ ಜೂನ್ 26ರಂದು ಉಳ್ಳಾಲದ ಕುತ್ತಾರು ಮದನಿನಗರದಲ್ಲಿ ಪಕ್ಕದ ಕಂಪೌಂಡ್ ಗೋಡೆ ಮನೆಯ ಮೇಲೆ ಕುಸಿದು ಒಂದೇ ಕುಟುಂಬದ ನಾಲ್ವರು ತೀರಿಕೊಂಡರು. ಅದಕ್ಕೆ ಹೊಣೆ ಯಾರೆಂದು ತೀರ್ಪು ಹೇಳುವುದು ನನ್ನ ಕೆಲಸವಲ್ಲ. ಆದರೆ ನಮ್ಮ ಗೋಡೆಗೆ ಆಚೆ ಬದಿಯೂ ಉಂಟು ಎಂಬುದನ್ನು ಆ ಸುದ್ದಿ ಓದಿದ ಮೇಲೆ ಮರೆಯಲಾಗುವುದಿಲ್ಲ.

ಆರ್ಕಿಟೆಕ್ಟ್ ಮಾತಾಡುವುದು ಮನೆಯವರ ಪರವಾಗಿ, ಎಂಜಿನಿಯರ್ ಕಟ್ಟಡದ ಪರವಾಗಿ. ಕೆಳಗಿನ ಮನೆಯವರು ಯಾರ ಗಿರಾಕಿಯೂ ಅಲ್ಲ. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟಿಗೂ ದುಡ್ಡು ಕೊಡುವವರು ನಾವೇ, ನಿಜ. ಆದರೆ ನೀರಿಗೆ ಸರ್ವೆ ನಂಬರ್ ಗೊತ್ತಿಲ್ಲ. ಅದರ ಬೆನ್ನು ಹಿಡಿದವರು ನಮ್ಮ ಕಂಪೌಂಡಿನಾಚೆಯ ಕಥೆಯನ್ನೂ ಪ್ಲಾನಿನ ಮೇಜಿಗೆ ತರಲೇಬೇಕಾಗ್ತದೆ. ಅಮೆರಿಕದ ಬೋಸ್ಟನ್ನಿನಲ್ಲಿ ಫ್ರೆಡೆರಿಕ್ ಲಾ ಓಮ್‌ಸ್ಟೆಡ್ 19ನೇ ಶತಮಾನದ ಕೊನೆಗೆ ನಗರದ ಎಂಜಿನಿಯರುಗಳ ಜತೆ ಸೇರಿ ಬ್ಯಾಕ್ ಬೇ ಫೆನ್ಸ್ ರೂಪಿಸಿದ್ದು ಹೀಗೆಯೇ. ನೋಡಲಿಕ್ಕೆ ಪಾರ್ಕು, ಕೆಲಸ ಮಾತ್ರ ನೆರೆನೀರನ್ನು ಹಿಡಿದಿಡುವುದು, ಕೊಳಚೆಯ ಕಾಟ ತಪ್ಪಿಸುವುದು.

"ಹಿಂದೆ ಯಾವ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಇದ್ದರು ಮಾರಾಯ್ರೇ?" ಎಂದು ಕೇಳಬಹುದು. ಇರಲಿಲ್ಲ. ಗುಡ್ಡೆಯನ್ನು ಗುಡ್ಡೆಯಾಗಿಯೇ ಬಿಟ್ಟು, ಬೈಲಿನಲ್ಲಿ ಗದ್ದೆ ಮಾಡಿ, ಎರಡರ ನಡುವೆ ಮನೆ ಕಟ್ಟಿ, ಮಳೆಗೆ ಮೊದಲು ತೋಡು ಬಿಡಿಸುವ ಬುದ್ಧಿ ಊರಿನ ಕೈಯಲ್ಲಿತ್ತು. ಬೈಲು ತುಂಬಿಸಿ, ಗುಡ್ಡೆ ಜರಿದು ಸೈಟ್ ಮಾಡಿದ ನಾವು ಆ ಕಸುಬನ್ನು ಕೈಬಿಟ್ಟಾಯ್ತು. ಈಗ ಅದನ್ನು ಓದಿ ಕಲಿತವರನ್ನು ಕರೆಯಲಿಕ್ಕೆ ಸಂಕೋಚ ಯಾಕೆ?

ಐದು ಸೆಂಟ್ಸಿನಲ್ಲಿ ಸಾಲ ಮಾಡಿ ಕಟ್ಟುವವರಿಗೆ ಇನ್ನೊಂದು ಫೀಸು ಹೊರೆ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಆದ್ದರಿಂದಲೇ ಈ ಹೊರೆ ಮೊದಲು ದೊಡ್ಡವರ ಮೇಲೆ ಬೀಳಬೇಕು: ಲೇಔಟ್ ಮಾಡುವವರು, ಅಪಾರ್ಟ್‌ಮೆಂಟಿನವರು, ಶಾಲೆ, ದೇವಸ್ಥಾನ, ಮಸೀದಿ, ಚರ್ಚುಗಳ ಕಮಿಟಿಯವರು, ರಸ್ತೆ ಅಗಲ ಮಾಡುವ ಇಲಾಖೆಗಳು. ಲೇಔಟಿನಲ್ಲೇ ನೀರಿನ ದಾರಿ ಸರಿಯಾಗಿ ಬಿಟ್ಟಿದ್ದರೆ ಸಣ್ಣ ಸೈಟಿನವರ ಅರ್ಧ ಕಷ್ಟ ಅಲ್ಲೇ ಮುಗಿಯುತ್ತದೆ.

ಉಳಿದರ್ಧಕ್ಕೆ ಖರ್ಚಿಲ್ಲದ ದಾರಿಯೊಂದುಂಟು. ಜೆಸಿಬಿಗೆ ಹೇಳುವ ಮೊದಲು ಒಂದು ಮಳೆಗಾಲ ಕೊಡೆ ಹಿಡಿದು ಆ ಜಾಗದಲ್ಲಿ ನಿಂತು ನೋಡುವುದು. ಮತ್ತೆ ಕೆಳಗಿನ ಮನೆಗೆ ಹೋಗಿ ಕೇಳುವುದು: "ಜೋರು ಮಳೆ ಬಂದರೆ ನಿಮ್ಮಲ್ಲಿಗೆ ನೀರು ಎಲ್ಲಿಂದ ಬರ್ತದೆ?"