ಯಾವ ವೇಗಕ್ಕೆ ಒಳ್ಳೆಯವರು?

2011ರಲ್ಲಿ ಕಂಪನಿಯ ಕೆಲಸದ ಮೇಲೆ ಒಂದೂವರೆ ವರ್ಷ ಬರ್ಮಿಂಗ್‌ಹ್ಯಾಮಿನಲ್ಲಿದ್ದೆ. ನಾನು ಬಾಡಿಗೆಗಿದ್ದ ಮನೆಯ ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಗ್ಯಾರೇಜಿನಲ್ಲಿ ಅವರದೊಂದು 1967ರ ಎಂಜಿಬಿ ಕಾರಿತ್ತು. ಎರಡೇ ಸೀಟು, ಬಟ್ಟೆಯ ಟಾಪು. ಆಕ್ಸ್‌ಫರ್ಡ್ ಸಮೀಪದ ಆಬಿಂಗ್‌ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ತಯಾರಾದ ಕಾರು ಅದು. ಇಂಗ್ಲೆಂಡಿನ ಮಧ್ಯಮವರ್ಗದವರು ಕೊಳ್ಳಬಹುದಾಗಿದ್ದ ಸ್ಪೋರ್ಟ್ಸ್ ಕಾರು.

ಆ ಚಳಿಗಾಲ ಅವರು ಎಂಜಿನ್ ಇಳಿಸಿ ಬಿಚ್ಚಿದ್ದರು. ಕ್ಯಾಮ್‌ಶಾಫ್ಟ್ ಸವೆದುಹೋಗಿತ್ತು. ಹೊಸದು ಹಾಕಬೇಕು, ಯಾವುದು ಹಾಕುವುದು? ನಾನು ಎಂ.ಟೆಕ್.ನಲ್ಲಿ ಎಂಜಿನ್ ಬಗ್ಗೆಯೇ ಓದಿದವನು ಎಂದು ಯಾವಾಗಲೋ ಹೇಳಿಕೊಂಡಿದ್ದೆ. ಅದನ್ನು ನೆನಪಿಟ್ಟುಕೊಂಡು ಒಂದು ಸಂಜೆ ಕ್ಯಾಟಲಾಗ್ ತಂದು ಟೇಬಲ್ ಮೇಲಿಟ್ಟರು. ಐಟಿಗೆ ಬಂದ ಮೇಲೆ ಆ ಓದಿನ ಬಗ್ಗೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದು ಬೇರೆ ಹೇಳಬೇಕಿಲ್ಲ.

ಕ್ಯಾಮ್‌ಶಾಫ್ಟ್ ಎಂದರೆ ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುವ ಒಂದು ಉಕ್ಕಿನ ದಂಡ. ಎಂಜಿನ್ ಎರಡು ಸುತ್ತು ತಿರುಗಿದರೆ ಇದು ಒಂದು ಸುತ್ತು ತಿರುಗುತ್ತದೆ. ಉಬ್ಬು ಮೇಲೆ ಬಂದಾಗ ವಾಲ್ವ್ ತೆರೆಯುತ್ತದೆ, ಸರಿದಾಗ ಮುಚ್ಚುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಪೆಟ್ರೋಲ್ ಬೆರೆತ ಗಾಳಿಯ ವಾಲ್ವ್ ತೆರೆದಿರಬೇಕು, ಮೇಲೇರುವಾಗ ಮುಚ್ಚಿರಬೇಕು ಎಂದು ನಮಗೆ ಅನಿಸುತ್ತದೆ. ಎಂಜಿಬಿಯ ಕಾರ್ಖಾನೆಯ ಕ್ಯಾಮ್ ಹಾಗೆ ಮಾಡುವುದಿಲ್ಲ. ಪಿಸ್ಟನ್ ತುದಿ ಮುಟ್ಟುವುದಕ್ಕೆ 16 ಡಿಗ್ರಿ ಇರುವಾಗಲೇ ಅದು ಈ ವಾಲ್ವನ್ನು ತೆರೆಯುತ್ತದೆ. ಪಿಸ್ಟನ್ ತಳ ಮುಟ್ಟಿ ಮತ್ತೆ ಮೇಲೇರತೊಡಗಿ 56 ಡಿಗ್ರಿಯಾದ ಮೇಲೆ ಮುಚ್ಚುತ್ತದೆ. ಒಟ್ಟು 252 ಡಿಗ್ರಿ.

ಯಾಕೆ ಇಷ್ಟು ತಡ? ಮುಂಬಯಿ ಲೋಕಲ್ ಹತ್ತಿದವರಿಗೆ ಇದನ್ನು ವಿವರಿಸುವುದು ಸುಲಭ. ದಾದರಿನಲ್ಲಿ ಜನ ರಭಸದಿಂದ ನುಗ್ಗುವಾಗ ಒಳಗಿನವರು ಎಷ್ಟೇ ಹಿಂದಕ್ಕೆ ಒತ್ತಿದರೂ ಹಿಂದಿನವರ ನೂಕಿಗೆ ಇನ್ನೂ ನಾಲ್ಕು ಜನ ಒಳಗೆ ಸೇರುತ್ತಾರೆ. ಅದೇ ಹೊರಗಿನವರು ನಿಧಾನವಾಗಿ ಹತ್ತುತ್ತಿದ್ದರೆ ಒಳಗಿನ ಒತ್ತಡಕ್ಕೆ ಬಾಗಿಲಲ್ಲಿದ್ದವನೂ ಪ್ಲಾಟ್‌ಫಾರ್ಮಿಗೆ ಬೀಳುತ್ತಾನೆ. ಗಾಳಿಯೂ ಹಾಗೆಯೇ. ನಿಮಿಷಕ್ಕೆ 5,400 ಸುತ್ತಿನಲ್ಲಿ ಆ ವಾಲ್ವ್ ತೆರೆದಿರುವುದು ಸುಮಾರು 8 ಮಿಲಿಸೆಕೆಂಡ್ ಮಾತ್ರ. ನುಗ್ಗುವ ಗಾಳಿಗೆ ರಭಸವಿರುತ್ತದೆ, ಬಾಗಿಲು ತಡವಾಗಿ ಮುಚ್ಚಿದಷ್ಟೂ ಲಾಭ. 800 ಸುತ್ತಿನಲ್ಲಿ ಅದೇ ಬಾಗಿಲು 50 ಮಿಲಿಸೆಕೆಂಡಿಗೂ ಹೆಚ್ಚು ಹೊತ್ತು ತೆರೆದಿರುತ್ತದೆ. ಆಗ ಒಳಗೆ ಬಂದ ಗಾಳಿಯನ್ನು ಪಿಸ್ಟನ್ ವಾಪಸ್ ತಳ್ಳುತ್ತದೆ.

ರೇಸಿನ ಕಡೆ ವಾಲುವ ಕ್ಯಾಮ್‌ಗಳು ಈ ಅವಧಿಯನ್ನು 270, 285, ಇನ್ನೂ ಹೆಚ್ಚು ಡಿಗ್ರಿಗೆ ಹಿಗ್ಗಿಸುತ್ತವೆ. ಮೇಲಿನ ವೇಗದಲ್ಲಿ ಶಕ್ತಿ ಸಿಗುತ್ತದೆ, ಕೆಳಗಿನ ವೇಗದಲ್ಲಿ ಕಳೆದುಹೋಗುತ್ತದೆ. ಹೊಗೆ ಹೋಗುವ ವಾಲ್ವ್ ಮತ್ತು ಗಾಳಿ ಬರುವ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಅವಧಿ ಕಾರ್ಖಾನೆಯ ಕ್ಯಾಮ್‌ನಲ್ಲಿ 37 ಡಿಗ್ರಿ. 285ರಲ್ಲಿ ಅದು 70ರ ಹತ್ತಿರ ಹೋಗುತ್ತದೆ. ನಿಧಾನ ವೇಗದಲ್ಲಿ ಹಳೆಯ ಹೊಗೆ ಹೊಸ ಗಾಳಿಗೆ ಬೆರೆತು, ನಿಂತ ಕಾರು ಚಳಿಜ್ವರ ಬಂದಂತೆ ನಡುಗುತ್ತದೆ.

ಇದೆಲ್ಲ ನನಗೆ ಗೊತ್ತಿತ್ತು. ‘ನೀವು ಕಾರು ಹೇಗೆ ಓಡಿಸುತ್ತೀರಿ?’ ಎಂದು ಕೇಳಿದೆ. ‘ಜೋರಾಗಿ’ ಎಂದು ನಕ್ಕರು. ನಾನು ಎರಡು ರಾತ್ರಿ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ, ಗ್ರಾಫ್ ಬರೆದು, 285ರ ಕಡೆ ಬೆರಳು ತೋರಿಸಿದೆ. ಕಂಪನಿಯಿಂದ ಬಂದಾಗ ಆ ಎಂಜಿನ್ನಿಗೆ 95 ಅಶ್ವಶಕ್ತಿ. ನನ್ನ ಕಣ್ಣು ಆ ಸಂಖ್ಯೆಯನ್ನು ಎಷ್ಟು ಏರಿಸಬಹುದು ಎಂಬುದರ ಮೇಲೆಯೇ ಇತ್ತು.

ಮಾರ್ಚಿನಲ್ಲಿ ಕಾರು ಹೊರಬಂತು. ಖಾಲಿ ರಸ್ತೆಯಲ್ಲಿ 4,000 ಸುತ್ತು ದಾಟಿದಾಗ ಅದರ ಕೂಗು ಕೇಳಿ ನನಗೆ ಮೈ ಜುಮ್ಮೆಂದಿತು. ಆದರೆ ಯಜಮಾನರು ಪ್ರತಿ ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಕಾಟ್ಸ್‌ವೋಲ್ಡ್ಸ್ ಹಳ್ಳಿಗಳ ಕಡೆ ಹೋಗುತ್ತಿದ್ದರು. ಎರಡೂ ಕಡೆ ಬೇಲಿಯಿರುವ ಸಣ್ಣ ರಸ್ತೆಗಳು, ಎದುರಿಗೆ ಟ್ರ್ಯಾಕ್ಟರು, ಕುರಿ. ಎಂಜಿನ್ 2,500 ಸುತ್ತು ದಾಟುವ ಪ್ರಸಂಗವೇ ಕಡಿಮೆ. ಹೊಸ ಕ್ಯಾಮ್ ಅಲ್ಲಿ ಮುಗ್ಗರಿಸುತ್ತಿತ್ತು, ಸಿಗ್ನಲ್ಲಿನಲ್ಲಿ ಆಫ್ ಆಗುತ್ತಿತ್ತು. ಅವರ ಹೆಂಡತಿಗೆ ಬೆನ್ನುನೋವು. ಮೇ ತಿಂಗಳ ಹೊತ್ತಿಗೆ ಆಕೆ ‘ಈ ವಾರ ನೀವೊಬ್ಬರೇ ಹೋಗಿಬನ್ನಿ’ ಎನ್ನತೊಡಗಿದರು.

ಮುಂದಿನ ಚಳಿಗಾಲದಲ್ಲಿ ಯಜಮಾನರು ಮತ್ತೆ ಎಂಜಿನ್ ಇಳಿಸಿ, 252ರ ಕ್ಯಾಮ್ ಹಾಕಿದರು. ನಾನು ತಪ್ಪಾಯಿತು ಎಂದೆ. ಅವರು ಕೈ ಒರೆಸಿಕೊಳ್ಳುತ್ತ, ‘ನಿನ್ನ ಲೆಕ್ಕದಲ್ಲಿ ತಪ್ಪಿಲ್ಲ. ನೀನು ಕೇಳಿದಾಗ ನಾನು ಮೂವತ್ತು ವರ್ಷದವನಿದ್ದಾಗ ಹೇಗೆ ಓಡಿಸುತ್ತಿದ್ದೆ ಅಂತ ಹೇಳಿಬಿಟ್ಟೆ’ ಎಂದರು.

ಈ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ‘ಅತ್ಯುತ್ತಮ ಕ್ಯಾಮ್ ಯಾವುದು’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ, ಯಾವ ವೇಗಕ್ಕೆ ಎಂದು ಹೇಳದ ಹೊರತು. ಒಂದು ವೇಗಕ್ಕೆ ಒಳ್ಳೆಯದಾಗುವುದೆಂದರೆ ಇನ್ನೊಂದು ವೇಗದಲ್ಲಿ ಕೆಟ್ಟದಾಗಲು ಒಪ್ಪಿಕೊಳ್ಳುವುದು. ಹಾಗಾದರೆ ಬದುಕಿನಲ್ಲಿ ನಮ್ಮನ್ನು ನಾವು ಯಾವ ವೇಗಕ್ಕೆ ತಿದ್ದಿಕೊಳ್ಳಬೇಕು? ನಾವು ನಿಜವಾಗಿ ಕಳೆಯುವ ದಿನಗಳಿಗೋ, ಕಳೆಯುತ್ತೇವೆ ಅಂದುಕೊಂಡ ದಿನಗಳಿಗೋ?

ನನ್ನ ಮಾತೇ ಹೇಳುತ್ತೇನೆ. ಈಗ ಪುಣೆಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ರಿಲೀಸಿನ ರಾತ್ರಿ ಮೂವತ್ತು ಜನ ಗಾಬರಿಯಾಗಿರುವಾಗ ನನ್ನ ತಲೆ ಚೊಕ್ಕವಾಗಿ ಓಡುತ್ತದೆ. ಒಂದು ವಾಕ್ಯ ಮುಗಿಯುವುದರೊಳಗೆ ಮುಂದಿನದನ್ನು ಹಿಡಿಯುತ್ತೇನೆ. ಇದಕ್ಕೆ ಬಡ್ತಿ ಸಿಕ್ಕಿದೆ. ಆದರೆ ಅಂಥ ರಾತ್ರಿಗಳು ವರ್ಷಕ್ಕೆ ಎಂಟೋ ಹತ್ತೋ. ಉಳಿದ ದಿನಗಳಲ್ಲಿ ಮನೆಯಲ್ಲಿ ಸುಮ್ಮನೆ ಕೂತರೆ ನಾನೂ ಆ ಕಾರಿನಂತೆ ನಡುಗುತ್ತೇನೆ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಧಾರವಾಡ ಬಿಟ್ಟು ನಮ್ಮ ಜೊತೆಗಿದ್ದಾರೆ. ಅವರ ಮಾತು ನಿಧಾನ. ಹುಬ್ಬಳ್ಳಿಯ ಮದುವೆಯೊಂದರ ಕಥೆ ಹೇಳಬೇಕಾದರೆ ಮೊದಲು ಆ ವರ್ಷದ ಮಳೆಯಿಂದ ಶುರುಮಾಡುತ್ತಾರೆ. ನಾನು ‘ಆಮೇಲೆ?’, ‘ಆಮೇಲೆ?’ ಎನ್ನುತ್ತೇನೆ. ಹೋದ ವರ್ಷ ಒಂದು ದಿನ ನಡುವೆಯೇ ನಿಲ್ಲಿಸಿ, ‘ಇರ್ಲಿ ಬಿಡಪಾ. ನಿನ್ನ ಜೋಡಿ ಮಾತಾಡೂದಂದ್ರ ಓಡೂ ರೈಲು ಹತ್ತಿದಂಗ ಆಗ್ತದ’ ಎಂದರು. ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಹಾಗಂತ ಎಲ್ಲರೂ ನಿಧಾನವಾಗಿ ಬದುಕಬೇಕೆಂದು ನಾನು ಉಪದೇಶ ಮಾಡುತ್ತಿಲ್ಲ. ರೇಸಿನ ಕಾರಿಗೆ 252 ಹಾಕಿದರೆ ಅದೂ ಅಷ್ಟೇ ತಪ್ಪು. ಸಂಗೀತಕ್ಕೋ ಸಂಶೋಧನೆಗೋ ಒಂದೇ ವೇಗಕ್ಕೆ ತಮ್ಮನ್ನು ಕಡೆದುಕೊಂಡವರಿಂದ ಜಗತ್ತಿಗೆ ಉಪಕಾರವಾಗಿದೆ. ನನ್ನ ತಕರಾರು ಬೇರೆ. ಕ್ಯಾಮ್ ಆರಿಸುವವನು ಸ್ಟಿಯರಿಂಗ್ ಹಿಡಿದವನು, ಪಕ್ಕದ ಸೀಟಿನವರನ್ನು ಅವನು ಕೇಳುವುದಿಲ್ಲ. ಮೇಲಿನ ವೇಗದ ಸುಖ ಅವನದು, ಕೆಳಗಿನ ವೇಗದ ನಡುಕ ಅವರದೂ ಹೌದು. ನಾನಂತೂ ಯಜಮಾನರ ಹೆಂಡತಿಯನ್ನು ಒಂದು ಮಾತೂ ಕೇಳಿರಲಿಲ್ಲ. ಅಪ್ಪನನ್ನೂ ಕೇಳಿರಲಿಲ್ಲ.

ಇದನ್ನೆಲ್ಲ ಆಫೀಸಿನ ಗೆಳೆಯನೊಬ್ಬನ ಹತ್ತಿರ ಹೇಳಿದಾಗ, ‘ಅದು ಹಳೇ ಕಾರು ಮಾರಾಯ. ಈಗಿನ ಎಂಜಿನ್ನಿನಲ್ಲಿ ಎರಡೂ ಸಿಗುತ್ತದಲ್ಲ’ ಎಂದ. ನಿಜ. ಹೋಂಡಾ 1989ರಲ್ಲಿ ಇಂಟೆಗ್ರಾ ಕಾರಿಗೆ ತಂದ ವಿಟೆಕ್ ಅಂಥದೇ. ಕೆಳ ವೇಗದಲ್ಲಿ ಒಂದು ಉಬ್ಬು, ಮೇಲೇರಿದ ಮೇಲೆ ಇನ್ನೊಂದು ಉಬ್ಬು ಕೆಲಸ ಮಾಡುತ್ತದೆ. ಆದರೆ ಅಲ್ಲಿಯೂ ನಿಧಾನದ ಉಬ್ಬನ್ನು ಯಾರೋ ಕೂತು ಲೆಕ್ಕ ಹಾಕಿ, ಅದೇ ಉಕ್ಕಿನಲ್ಲಿ ಕಡೆದಿದ್ದಾರೆ. ವೇಗ ಇಳಿದರೆ ಸಾಕು, ಸೌಮ್ಯತೆ ತಾನಾಗಿ ಬರುತ್ತದೆ ಎಂದು ಅವರು ಬಿಟ್ಟಿರಲಿಲ್ಲ. ನಾನು ಬಿಟ್ಟಿದ್ದೆ. ಲ್ಯಾಪ್‌ಟಾಪ್ ಮುಚ್ಚಿದ ಕ್ಷಣ ಒಳ್ಳೆಯ ಮಗನಾಗಿಬಿಡುತ್ತೇನೆ ಎಂಬ ನಂಬಿಕೆಯಲ್ಲೇ ಹದಿನೈದು ವರ್ಷ ಕಳೆದೆ. ವಾಲ್ವ್ ತೆರೆಯುವ ಗಳಿಗೆಯಲ್ಲಿ ಕ್ಯಾಮ್ ಯೋಚಿಸುವುದಿಲ್ಲ, ಮೊದಲೇ ಕಡೆದ ಆಕಾರದಂತೆ ನಡೆಯುತ್ತದೆ. ಅಪ್ಪ ಬಾಯಿ ತೆರೆದಾಗ ‘ಆಮೇಲೆ?’ ಎನ್ನುವ ನಾನೂ ಆ ಗಳಿಗೆಯಲ್ಲಿ ಯೋಚಿಸುತ್ತಿರಲಿಲ್ಲ.

ಕ್ಯಾಮ್ ಬದಲಿಸುವವರು ಒಂದು ನಿಯಮ ಮರೆಯಬಾರದು. ಹೊಸ ಕ್ಯಾಮ್ ಹಾಕಿದರೆ ಅದರ ಮೇಲೆ ಕೂರುವ ಟ್ಯಾಪೆಟ್‌ಗಳನ್ನೂ ಬದಲಿಸಬೇಕು. ಹಳೆಯವು ಹಳೆಯ ಉಬ್ಬಿಗೆ ತಕ್ಕಂತೆ ಸವೆದಿರುತ್ತವೆ, ಹೊಸದನ್ನು ತಿಂದುಹಾಕುತ್ತವೆ. ಮನೆಯಲ್ಲಿ ಆ ಸೌಲಭ್ಯ ಇಲ್ಲ. ಈಗ ಭಾನುವಾರ ಬೆಳಿಗ್ಗೆ ಫೋನ್ ಒಳಗಿಟ್ಟು ಅಪ್ಪನ ಹತ್ತಿರ ಒಂದು ಗಂಟೆ ಕೂರುತ್ತೇನೆ. ಆದರೆ ಅವರು ಈಗಲೂ ನನ್ನ ಹಳೆಯ ವೇಗಕ್ಕೆ ಹೊಂದಿಕೊಂಡೇ ಇದ್ದಾರೆ. ಮಳೆಯನ್ನು ಬಿಟ್ಟು ಸೀದಾ ಮದುವೆಯ ಊಟಕ್ಕೆ ಬರುತ್ತಾರೆ, ಎರಡು ಮಾತಿನಲ್ಲಿ ಮುಗಿಸಿ ನನ್ನ ಮುಖ ನೋಡುತ್ತಾರೆ.

‘ಆ ವರ್ಷ ಮಳಿ ಹೆಂಗಿತ್ತಪ್ಪಾ?’ ಎಂದು ನಾನು ಕೇಳುತ್ತೇನೆ.